ಕೆಳಗೆ ನಿಲ್ಲುವವಳು

ಒಂದು ಕುರ್ಚಿಗೆ ಬೀಳುವ ಖರ್ಚು ಅರ್ಧ ಲೋಟ ಟೀಯಷ್ಟು. ಕೂರುವ ಕುರ್ಚಿಯಲ್ಲ ಇದು. ತುಂಡು ಕಂಬಿಯನ್ನು ಮಡಚಿ ಕಾಲು ಮಾಡಿದ್ದು. ಕಾಂಕ್ರೀಟು ಸುರಿಯುವಾಗ ಮೇಲಿನ ಸಾಲಿನ ಕಂಬಿಗಳು ಕೆಳಕ್ಕೆ ಜಗ್ಗದಂತೆ ಹೊತ್ತು ನಿಲ್ಲುವುದು ಅದರ ಕೆಲಸ. ಒಂದು ಬಾಲ್ಕನಿಗೆ ಅರವತ್ತು ಕುರ್ಚಿ, ಅಂದರೆ ಮೂವತ್ತು ಟೀ. ಅವನ್ನು ಕಟ್ಟಿ ನಿಲ್ಲಿಸಲು ಎರಡಾಳಿನ ಅರ್ಧ ದಿನದ ಕೂಲಿ, ಅದೊಂದು ಇಪ್ಪತ್ತು ಟೀ. ಹಲಗೆಗಳ ಅಡಿಗೆ ಆಸರೆ ಕೊಡುವ ಕಬ್ಬಿಣದ ತಿರುಪು ಕಂಬಕ್ಕೆ ಜಾಕಿ ಎನ್ನುತ್ತಾರೆ. ಒಂದು ಜಾಕಿಯ ಬಾಡಿಗೆ ದಿನಕ್ಕೊಂದು ಟೀ. ಹನ್ನೆರಡು ಜಾಕಿ, ಇಪ್ಪತ್ತೆಂಟು ದಿನ. ಅಷ್ಟು ಟೀಯನ್ನು ಒಂದು ಮನೆಯವರೆಲ್ಲ ಸೇರಿ ಎರಡು ತಿಂಗಳು ಕುಡಿಯಬಹುದು.

ಲೆಕ್ಕವನ್ನು ಹೀಗೆ ಟೀಯಲ್ಲಿ ಹಾಕುತ್ತಿದ್ದವಳು ಬಾಣಲೆಯಮ್ಮ. ಅಕ್ಷರ ಬಾರದ ಹೆಂಗಸು. ಹದಿನಾಲ್ಕನೆಯ ವಯಸ್ಸಿನಿಂದ ನಲವತ್ತರವರೆಗೆ ತಲೆಯ ಮೇಲೆ ಕಾಂಕ್ರೀಟಿನ ಬಾಣಲೆ ಹೊತ್ತು ಏಣಿ ಹತ್ತಿದವಳು. ಆಗ ಹೆಣ್ಣಾಳಿಗೆ ದಿನಕ್ಕೆ ಎಂಟು ಟೀಯಷ್ಟು ಕೂಲಿ, ಗಂಡಾಳಿಗೆ ಹದಿನಾರು. ನೆತ್ತಿಯ ಮೇಲೆ ಬೊಗಸೆಯಗಲ ಕೂದಲು ಹುಟ್ಟುವುದನ್ನೇ ಬಿಟ್ಟಿತ್ತು. ಗಂಡ ಮೇಸ್ತ್ರಿ, ಈಗ ಮಂಡಿ ಹಿಡಿದು ವರಾಂಡದಲ್ಲಿ ಕೂತಿರುತ್ತಿದ್ದ, ಗಾರೆ ಕಲಸುವ ಕೈ ಹೋಗಿತ್ತು, ಬೈಯುವ ಬಾಯಿ ಉಳಿದಿತ್ತು. ಒಬ್ಬನೇ ಮಗ ಕಂಟ್ರಾಕ್ಟರ್. ಅವನ ಹೆಂಡತಿ ಇಂಜಿನಿಯರ್. ಯಾವ ಕಂಬ ಎಷ್ಟು ಭಾರ ಹೊರಬೇಕು, ಯಾವ ತೊಲೆಗೆ ಎಷ್ಟು ಕಂಬಿ ಬೇಕು ಎಂದು ಲೆಕ್ಕ ಹಾಕಿ, ನಕ್ಷೆಗೆ ಸಹಿ ಮಾಡುವವಳು. ಅವರಿಗೊಬ್ಬಳು ಒಂಬತ್ತು ವರ್ಷದ ಮಗಳು, ಗುಬ್ಬಿ.

ಸೊಸೆ ಈ ಮನೆಗೆ ಬಂದ ಹೊಸದರಲ್ಲಿ ಬಾಣಲೆಯಮ್ಮ ಅವಳನ್ನು ಒರೆಗೆ ಹಚ್ಚಿದ್ದಳು.

"ಸಲಿಕೆ ಸದ್ದು ಕೇಳಿದ್ರೆ ಕಾಂಕ್ರೀಟಿಗೆ ನೀರು ಜಾಸ್ತಿಯಾಗಿದೆಯೋ ಇಲ್ವೋ ನಾನು ಹೇಳ್ತೀನಿ. ನಿಮ್ಮ ಕಾಲೇಜಿನಲ್ಲಿ ಹೇಳ್ಕೊಟ್ರಾ?"

"ಇಲ್ಲ ಅತ್ತೆ. ನೀವು ಹೇಳ್ಕೊಡಿ" ಎಂದಿದ್ದಳು ಸೊಸೆ.

ಅಲ್ಲಿಂದ ಇಬ್ಬರಿಗೂ ಕುದುರಿತು. ಸೊಸೆಗೆ ಒಂದು ಪದ್ಧತಿಯಿತ್ತು. ತಾನು ಸಹಿ ಹಾಕಿದ ಯಾವ ಕಟ್ಟಡದಲ್ಲೇ ಆಗಲಿ, ಜಾಕಿ ತೆಗೆಯುವ ಹೊತ್ತಿಗೆ ಹೋಗಿ ಅದರ ಅಡಿಯಲ್ಲಿ ನಿಲ್ಲುತ್ತಿದ್ದಳು. ಕೊನೆಯ ಜಾಕಿ ಬಿಚ್ಚುವವರೆಗೂ ಕೈ ಕಟ್ಟಿ ನಿಂತು, ಆಮೇಲೆ ಹೊರಗೆ ಬರುತ್ತಿದ್ದಳು. ಆಳುಗಳಿಗೆ ಅದೊಂದು ತಮಾಷೆ. "ಮೇಡಮ್ ನಿಂತ್ರು, ಬಿಚ್ರಪ್ಪ!" ಎಂದು ಕೂಗುತ್ತಿದ್ದರು. ಗಂಡನಿಗೆ ಮಾತ್ರ ಮೈ ಉರಿಯುತ್ತಿತ್ತು. "ನಾನು ಕಟ್ಟಿದ್ದು ಬೀಳುತ್ತೆ ಅಂತ ಊರಿಗೆಲ್ಲ ಸಾರೋಕೆ ನಿಲ್ತೀಯಾ?" ಎಂದರೆ, "ಬೀಳಲ್ಲ ಅಂತ ಸಾರೋಕೆ ನಿಲ್ತೀನಿ" ಎನ್ನುತ್ತಿದ್ದಳು.

ಆ ವರ್ಷ ಕಂಟ್ರಾಕ್ಟರನಿಗೆ ಬಟ್ಟೆ ಅಂಗಡಿ ಸಾಹುಕಾರನ ಮೂರಂತಸ್ತಿನ ಕೆಲಸ ಸಿಕ್ಕಿತ್ತು. ಅಂಗಡಿಯ ಬಾಗಿಲ ಮೇಲೆ, ಜನ ನಡೆಯುವ ದಾರಿಯ ನೆತ್ತಿಗೆ, ಐದು ಅಡಿ ಮುಂದಕ್ಕೆ ಚಾಚಿದ ಬಾಲ್ಕನಿ. ಕೆಳಗೆ ಕಂಬವಿಲ್ಲ; ಗೋಡೆಯಿಂದ ಚಾಚಿದ ಅಂಗೈ ಹಾಗೆ ತನ್ನ ಭಾರ ತಾನೇ ಹೊರಬೇಕು. ಇಂಥದ್ದಕ್ಕೆ ಕಂಬಿ ಮೇಲ್ಭಾಗದಲ್ಲಿರಬೇಕು. ಕೆಳಗಿದ್ದರೆ ಇದ್ದೂ ಇಲ್ಲದ ಹಾಗೆ. ಸೊಸೆ ಕುರ್ಚಿಗಳನ್ನು ಅರವತ್ತು ಎಣಿಸಿ ಚೀಲಕ್ಕೆ ತುಂಬಿಸಿ, ಚೀಲದ ಬಾಯಿಗೆ ತಾನೇ ತಂತಿ ಸುತ್ತಿ ಕಳಿಸಿದ್ದಳು.

ಕಾಂಕ್ರೀಟು ಹಾಕುವ ದಿನ ಬೆಳಿಗ್ಗೆ ಗುಬ್ಬಿಯ ಮೈ ಜ್ವರದಲ್ಲಿ ಕಾದು ಹಂಚಾಗಿತ್ತು. ಸೊಸೆ ಆಗಲೇ ಬೂಟು ಹಾಕಿಕೊಂಡಿದ್ದಳು.

"ಮಗು ಮೈ ಕೆಂಡ ಆಗಿದೆ, ನಿನಗೆ ಕಲ್ಲು ಮಣ್ಣೇ ಹೆಚ್ಚಾ?" ಎಂದಳು ಬಾಣಲೆಯಮ್ಮ. "ಹೆತ್ತಿದ್ದು ಮಗೂನೋ ಬಾಲ್ಕನೀನೋ?"

"ಅತ್ತೆ, ಇವತ್ತೊಂದು ದಿನ ನೀವು ನೋಡ್ಕೊಂಡ್ರೆ..."

"ನೋಡ್ಕೊಳ್ಳಲ್ಲ. ಊಟದ ಕ್ಯಾರಿಯರ್ ನಾನು ತಗೊಂಡು ಹೋಗ್ತೀನಿ. ನೀನು ಮನೇಲಿರು."

ಸೊಸೆ ಬೂಟು ಬಿಚ್ಚಿದಳು. ಬಾಣಲೆಯಮ್ಮ ಅನ್ನ, ಬೇಳೆ, ಬೇಯಿಸಿದ ಮೊಟ್ಟೆ ತುಂಬಿಕೊಂಡು ಹೊರಟಳು.

ಕ್ಯಾರಿಯರ್ ಕೆಳಗಿಟ್ಟು ಬರಬಹುದಿತ್ತು. ಹಳೆಯ ಅಭ್ಯಾಸ, ಕಾಲು ತಾನಾಗಿ ಏಣಿ ಹತ್ತಿತು. ಮೇಲೆ ಹೋಗಿ ನೋಡಿದರೆ ಕುರ್ಚಿಗಳ ಚೀಲ ಮೂಲೆಯಲ್ಲಿ ಬಿದ್ದಿತ್ತು. ಬಾಯಿಗೆ ಸುತ್ತಿದ ತಂತಿ ಸುತ್ತಿದ ಹಾಗೇ ಇತ್ತು. ಎಂಟು ಆಳು ಬೂಟುಗಾಲಿನಲ್ಲಿ ಕಂಬಿಗಳ ಮೇಲೆ ಓಡಾಡುತ್ತ ಕಾಂಕ್ರೀಟು ಸುರಿಯುತ್ತಿದ್ದರು. ಒಬ್ಬೊಬ್ಬರು ಹೆಜ್ಜೆ ಇಟ್ಟಾಗಲೂ ಕಂಬಿ ಹಲಗೆಗೆ ತಾಗಿ ಠಣ್ ಎನ್ನುತ್ತಿತ್ತು, ಮತ್ತೆ ಮೇಲೇಳುತ್ತಿರಲಿಲ್ಲ.

ಬಾಣಲೆಯಮ್ಮನ ಅಂಗಾಲು ಜುಮ್ಮೆಂದಿತು. ಆ ಸದ್ದು ಅವಳಿಗೆ ಗೊತ್ತು. ನಲವತ್ತು ವರ್ಷದ ಹಿಂದೆ, ಒಂದು ಕಚೇರಿಯ ಬಾಗಿಲ ಮೇಲೆ ಚಾಚಿದ ಚಪ್ಪಡಿಗೆ ಕಾಂಕ್ರೀಟು ಹೊತ್ತವರಲ್ಲಿ ಅವಳೂ ಒಬ್ಬಳು. ಹನ್ನೆರಡು ಹೆಂಗಸರು ಬರಿಗಾಲಿನಲ್ಲಿ ಕಂಬಿ ತುಳಿದಿದ್ದರು. ತುಳಿಯಿರಿ ಎಂದವನು ಮೇಸ್ತ್ರಿ. ಆಸರೆ ತೆಗೆದ ಮೂರನೆಯ ದಿನ ಅದು ಕಾವಲುಗಾರನ ಮೇಲೆ ಕೂತಿತು. ವಿಚಾರಣೆಗೆ ಬಂದವರಿಗೆ ಮೇಸ್ತ್ರಿ "ಮಣ್ಣು ಸರಿ ಇರ್ಲಿಲ್ಲ" ಎಂದ. ಹೆಂಡತಿಗೆ "ಬಾಯಿ ಬಿಟ್ರೆ ಹಲ್ಲು ಉದುರಿಸ್ತೀನಿ" ಎಂದ. ಅವಳು ಬಾಯಿ ಬಿಡಲಿಲ್ಲ.

"ಕುರ್ಚಿ ಯಾಕೋ ಕಟ್ಟಿಲ್ಲ?" ಎಂದು ಮಗನನ್ನು ಕೇಳಿದಳು.

"ಮಧ್ಯಾಹ್ನದೊಳಗೆ ಮುಗಿಸ್ಬೇಕಮ್ಮ. ಮಿಕ್ಸರ್ ಗಾಡಿ ಕಾಯಲ್ಲ. ಒಂದೊಂದು ಪಾಲಿಗೆ ಒಂದು ಚೀಲ ಸಿಮೆಂಟು ಜಾಸ್ತೀನೇ ಹಾಕಿಸಿದ್ದೀನಿ, ಬಂಡೆ ಆಗುತ್ತೆ."

"ಸಿಮೆಂಟು ಬೇರೆ, ಕಂಬಿ ಬೇರೆ."

"ಅಮ್ಮ, ಊಟ ಇಟ್ಟು ಹೋಗು. ಮನೇಲಿ ಒಬ್ಬಳು ಇಂಜಿನಿಯರ್ ಸಾಕು."

ಹತ್ತಿರವಿದ್ದ ಆಳುಗಳು ನಕ್ಕರು. ಬಾಣಲೆಯಮ್ಮ ಏಣಿ ಇಳಿದು ಮನೆಗೆ ಬಂದಳು. ಗುಬ್ಬಿಯ ಹಣೆಗೆ ಒದ್ದೆ ಬಟ್ಟೆ ಇಟ್ಟು ಕೂತಿದ್ದ ಸೊಸೆ ತಲೆಯೆತ್ತಿ ನೋಡಿದಳು. ಬಾಣಲೆಯಮ್ಮ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಹತ್ತನೆಯ ದಿನ ಗಲಾಟೆ ಶುರುವಾಯಿತು. ಸೊಸೆ ಕೆಲಸದ ಜಾಗಕ್ಕೆ ಹೋದವಳು ಅರವತ್ತು ಕುರ್ಚಿಗಳ ಚೀಲವನ್ನು ಹೆಗಲ ಮೇಲೆ ಹೊತ್ತು ತಂದು, ಊಟದ ಮೇಜಿನ ಮೇಲೆ ಧೊಪ್ಪನೆ ಹಾಕಿದಳು. ಆಲೂಗಡ್ಡೆಯ ಪಾತ್ರೆ ಮಗುಚಿತು.

"ಇದೇನು?"

"ಅದನ್ನೇ ನಾನೂ ಕೇಳ್ತಿರೋದು."

"ಜಾಸ್ತಿ ಉಳಿದಿದ್ದು. ನಮ್ಮ ಹತ್ರ ಬೇರೆ ಇದ್ವು, ಅವನ್ನೇ ಹಾಕಿದ್ವಿ" ಎಂದ ಗಂಡ, ಅನ್ನ ಕಲಸುತ್ತಲೇ.

"ಹಾಗಿದ್ರೆ ಗೋಡೆ ಪಕ್ಕ ಅಂಗೈಯಗಲ ಒಡೆದು ನೋಡೋಣ. ಒಂದು ಬೆರಳಿನ ಆಳದಲ್ಲಿ ಕಂಬಿ ಸಿಕ್ಕರೆ ನಾನೇ ಮುಚ್ಚಿಸ್ತೀನಿ."

"ಸಾಹುಕಾರನ ಕಣ್ಣೆದುರಿಗೆ ಹೊಸ ಬಾಲ್ಕನಿ ಒಡೀಬೇಕಾ? ನಾಳೆ ಶಾಲೆ ಕಟ್ಟಡದ ಕೆಲಸ ನನಗೆ ಕೊಡ್ತಾನಾ ಅವನು?"

"ಅದು ಬಿದ್ರೆ ಕೊಡ್ತಾನಾ?"

"ಕಟ್ಟೋ ಮನೆಯಲ್ಲಿ ಬೀಳೋ ಮಾತಾಡ್ತಾಳೆ ನೋಡು!" ಎಂದು ವರಾಂಡದಿಂದ ಮೇಸ್ತ್ರಿ ಕೂಗಿದ. "ನಾನು ನೂರು ಮನೆ ಕಟ್ಟಿದೆ, ಒಂದು ಕಾಗದ ನೋಡ್ಲಿಲ್ಲ."

"ನೂರರಲ್ಲಿ ಎಷ್ಟು ನಿಂತಿವೆ ಮಾವ?"

ಗಂಡನ ಕೈಯಿಂದ ತಟ್ಟೆ ಹಾರಿತು. ಸೊಸೆಯ ಕಿವಿಯ ಪಕ್ಕದಿಂದ ಹಾದು ಗೋಡೆಗೆ ಬಡಿದು, ಅನ್ನವೆಲ್ಲ ಕ್ಯಾಲೆಂಡರಿಗೆ ಮೆತ್ತಿಕೊಂಡಿತು. ಗುಬ್ಬಿ ಮೇಜಿನ ಕೆಳಗೆ ಇಳಿದು ಕೂತಳು. ಗಂಡ ಕೈ ತೊಳೆಯದೆ ಎದ್ದು ಹೋದ. ಬಾಣಲೆಯಮ್ಮ ಬಾಗಿ ಅನ್ನದ ಅಗುಳು ಹೆಕ್ಕಿದಳು. ಹೆಕ್ಕುವಾಗ ಬಾಯಿ ತೆರೆಯಬಹುದಿತ್ತು. ಬಿಸಿ ತುಪ್ಪ ಬಾಯಲ್ಲಿತ್ತು: ನುಂಗಿದರೆ ಗಂಟಲು, ಉಗುಳಿದರೆ ಮಗ.

ಆಮೇಲೆ ಎರಡು ವಾರ ಆ ಮನೆಯಲ್ಲಿ ಯಾವ ಪಾತ್ರೆಯೂ ಮೆಲ್ಲಗೆ ಕೆಳಗಿಳಿಯಲಿಲ್ಲ. ಸಾಹುಕಾರ ದಿನಕ್ಕೆರಡು ಸಲ ಫೋನು ಮಾಡುತ್ತಿದ್ದ. ಜಾಕಿಗಳು ಬಾಗಿಲಿಗೆ ಅಡ್ಡ ನಿಂತಿವೆ, ಅಂಗಡಿ ತೆರೆಯುವ ದಿನ ನಿಗದಿಯಾಗಿದೆ, ಇಂಜಿನಿಯರ್ ಸಹಿಯ ಕಾಗದ ಎಲ್ಲಿ ಎಂದು. ಆ ಸಿಟ್ಟನ್ನೆಲ್ಲ ಕಂಟ್ರಾಕ್ಟರ್ ಮನೆಗೆ ಹೊತ್ತು ತರುತ್ತಿದ್ದ. ಒಂದು ದಿನ ಇಸ್ತ್ರಿ ಪೆಟ್ಟಿಗೆ ನೆಲಕ್ಕೆ ಬಿತ್ತು, ಒಂದು ದಿನ ಕನ್ನಡಿ ಹೋಯಿತು. ಕೆಲಸದಲ್ಲಿ ಒಬ್ಬ ಆಳಿನ ಮೂಗು ಒಡೆದು ಬಂದ. "ಕಂಬಿ ಕಟ್ಟೋನು ಮೇಡಮ್‌ಗೆ ಏನೋ ಊದಿದ್ದಾನೆ, ಅವನ ಹಲ್ಲೂ ಎಣಿಸ್ತೀನಿ" ಎಂದ.

ಇಪ್ಪತ್ತಾರನೆಯ ದಿನ, ಭಾನುವಾರ ಮಧ್ಯಾಹ್ನ, ಕಾಗದವನ್ನು ಹೆಂಡತಿಯ ಮುಂದಿಟ್ಟು ಪೆನ್ನು ಬಿಚ್ಚಿ ಕೊಟ್ಟ.

"ಒಡೆದು ನೋಡದೆ ಹಾಕಲ್ಲ."

"ಸಹಿ ಹಾಕೋ ಇಂಜಿನಿಯರ್‌ಗಳಿಗೆ ಊರಲ್ಲಿ ಬರವಾ? ಮನೆಯವಳು ಅಂತ ಕೇಳ್ತಿದ್ದೀನಿ."

"ಮನೆಯವಳು ಅಂತಾನೇ ಹಾಕ್ತಿಲ್ಲ. ನಿನ್ನ ಜೈಲಿಗೆ ಕಳಿಸೋ ಸಹಿ ಅದು."

ಅವನು ಹೊಡೆದ. ಅಂಗೈಯಲ್ಲಿ ಒಂದು, ಹಿಂಗೈಯಲ್ಲಿ ಒಂದು. ಅವಳು ಕೈಗೆ ಸಿಕ್ಕ ಸ್ಟೀಲ್ ಟೇಪನ್ನು ಬೀಸಿದಳು, ಅವನ ಹುಬ್ಬು ಸೀಳಿತು. ರಕ್ತ ಕಣ್ಣಿಗೆ ಇಳಿದದ್ದೇ ತಡ, ಅವನು ಅವಳ ಜುಟ್ಟು ಹಿಡಿದು ಬಾಗಿಲ ಚೌಕಟ್ಟಿಗೆ ಜಜ್ಜಿದ. ಒಮ್ಮೆ, ಇನ್ನೊಮ್ಮೆ. ಬಾಣಲೆಯಮ್ಮ ನಡುವೆ ನುಗ್ಗಿದಳು. ಮೊಣಕೈ ತಾಗಿ ಅವಳ ತುಟಿ ಒಡೆಯಿತು. ಗುಬ್ಬಿ ಕಿರುಚುತ್ತಲೇ ಇದ್ದಳು. ಮೇಸ್ತ್ರಿ ವರಾಂಡದಲ್ಲಿ ರೇಡಿಯೋದ ಸದ್ದು ಏರಿಸಿದ.

ಅವನು ಹೊರಗೆ ಹೋದ ಮೇಲೆ ಅತ್ತೆ ಸೊಸೆ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತರು. ಒಂದೇ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಒಬ್ಬರಾದ ಮೇಲೊಬ್ಬರು ಒತ್ತಿಕೊಂಡರು. ಸೊಸೆಯ ಎಡಗಣ್ಣು ಮುಚ್ಚಿಹೋಗಿತ್ತು.

"ಅತ್ತೆ, ಆವತ್ತು ಊಟ ತಗೊಂಡು ಹೋಗಿದ್ರಲ್ಲ. ಮೇಲೆ ಹತ್ತಿದ್ರಾ?"

ಬಾಣಲೆಯಮ್ಮ ಮಂಜುಗಡ್ಡೆ ನೋಡುತ್ತಾ "ಹ್ಞೂ" ಎಂದಳು.

"ಕುರ್ಚಿ ಇದ್ವಾ? ಬೇರೆ ಯಾರು ಹೇಳಿದ್ರೂ ನಾನು ನಂಬಲ್ಲ. ನೀವು ಹೇಳಿದ್ರೆ ಸಾಕು, ಸಹಿ ಹಾಕಿ ಮುಗಿಸ್ತೀನಿ. ನನಗೂ ಸಾಕಾಗಿದೆ."

ಇನ್ನೊಂದು ಸಲ ಅವನು ಕೈ ಎತ್ತಿದರೆ ಇವಳು ಉಳಿಯುವುದಿಲ್ಲ ಎಂದು ಬಾಣಲೆಯಮ್ಮನಿಗೆ ಅನ್ನಿಸಿತು. ಇಲ್ಲವೇ ಅವನು ಉಳಿಯುವುದಿಲ್ಲ. ಮಗ ಬೇರೆ ಹಿಂದಿನ ದಿನ ಅವಳ ಕಿವಿಯಲ್ಲಿ ಹೇಳಿದ್ದ: "ಅವಳು ಇನ್ನೊಂದು ಸೈಟಿಗೆ ಹೋದಾಗ ಜಾಕಿ ತೆಗೆಸ್ತೀನಮ್ಮ. ಬಂಡೆ ಥರ ನಿಲ್ಲುತ್ತೆ. ಆಮೇಲೆ ತೋರಿಸಿದ್ರೆ ಅವಳೇ ಸುಮ್ಮನಾಗ್ತಾಳೆ." ಅದನ್ನು ಅರ್ಧ ನಂಬಿದ್ದಳು. ಅರ್ಧ ನಂಬಿಕೆಗೆ ಅರ್ಧ ಹೆದರಿಕೆ ಸೇರಿದರೆ ಒಂದು ಪೂರ್ತಿ ಸುಳ್ಳಾಗುತ್ತದೆ.

"ಇದ್ವು" ಎಂದಳು. "ನಾನೇ ಕಣ್ಣಾರೆ ನೋಡಿದೆ."

ಸೊಸೆ ಒಂದು ಕಣ್ಣಿನಲ್ಲೇ ಅವಳನ್ನು ನೋಡಿದಳು. ಎದ್ದು ಹೋಗಿ ಸಹಿ ಹಾಕಿದಳು.

ಇಪ್ಪತ್ತೊಂಬತ್ತನೆಯ ದಿನ ಬೆಳಿಗ್ಗೆ ಬಾಣಲೆಯಮ್ಮ ಬ್ರೆಡ್ ಸುಡುತ್ತಿದ್ದಳು. ಸೊಸೆ ಹೆಲ್ಮೆಟ್ ಹುಡುಕುತ್ತಿದ್ದಳು.

"ಇವತ್ತು ಆಸ್ಪತ್ರೆ ಸೈಟಿಗೆ ಅಲ್ವಾ ನೀನು ಹೋಗೋದು?"

"ಮಧ್ಯಾಹ್ನ ಹೋಗ್ತೀನಿ ಅತ್ತೆ. ಬಟ್ಟೆ ಅಂಗಡೀಲಿ ಜಾಕಿ ತೆಗೀತಿದ್ದಾರಂತೆ, ಕಂಬಿ ಕಟ್ಟೋನು ಫೋನ್ ಮಾಡಿದ್ದ. ನಿಮ್ಮ ಮಗನಿಗೆ ಹೇಳದೆ ಹೋಗಿ ನಿಂತು ಬಂದುಬಿಡ್ತೀನಿ. ಸಹಿ ಹಾಕಿದ ಮೇಲೆ ನಿಲ್ಲದೆ ಇದ್ರೆ ಹೇಗೆ?"

ಬಾಗಿಲು ಮುಚ್ಚಿದ ಸದ್ದಾಯಿತು. ಬ್ರೆಡ್ ಕರಿಯಾಗಿ ಹೊಗೆ ಎದ್ದಾಗ ಬಾಣಲೆಯಮ್ಮನಿಗೆ ಎಚ್ಚರವಾಯಿತು. ಒಲೆ ಆರಿಸಿದಳೋ ಇಲ್ಲವೋ ನೆನಪಿಲ್ಲ. ಬರಿಗಾಲಿನಲ್ಲಿ ಓಡಿದಳು. ನಾಲ್ಕು ಬೀದಿ, ಒಂದು ಸೇತುವೆ. ಅರವತ್ತೆರಡರ ಎದೆಗೂಡು ಹಳೆಯ ತಿದಿಯ ಹಾಗೆ ಏದುತ್ತಿತ್ತು.

ಹೋದಾಗ ಸೊಸೆ ಬಾಲ್ಕನಿಯ ಕೆಳಗೆ ಕೈ ಕಟ್ಟಿ ನಿಂತಿದ್ದಳು. ಹನ್ನೆರಡೂ ಜಾಕಿ ಇನ್ನೂ ನಿಂತಿದ್ದವು. ಕಂಟ್ರಾಕ್ಟರ್ ಎದುರಿಗೆ ನಿಂತು, ಹುಬ್ಬಿನ ಹೊಲಿಗೆ ಬಿಗಿದುಕೊಂಡು, "ಆಚೆ ಬಾರೆ!" ಎಂದು ಕೂಗುತ್ತಿದ್ದ. ಸಾಹುಕಾರ ರಸ್ತೆಯ ಆಚೆ ಕಾರಿನಲ್ಲಿದ್ದ. ಆಳುಗಳು ಸುತ್ತಿಗೆ ಹಿಡಿದು ಹಲ್ಲು ಕಿರಿಯುತ್ತಿದ್ದರು. "ಮೇಡಮ್ ನಿಂತ್ರು!"

ಬಾಣಲೆಯಮ್ಮ ಸೊಸೆಯ ಎದೆಗೆ ಎರಡೂ ಕೈ ಕೊಟ್ಟು ನೂಕಿದಳು. ಸೊಸೆ ಎಡವಿ ಜಲ್ಲಿಯ ರಾಶಿಯ ಮೇಲೆ ಬಿದ್ದಳು. ಅಲ್ಲೇ ಬಿದ್ದಿದ್ದ ಒಂದು ಬಾಣಲೆಯನ್ನು ಬೋರಲು ಹಾಕಿ ಬಾಣಲೆಯಮ್ಮ ಬಾಲ್ಕನಿಯ ಅಡಿಯಲ್ಲಿ ಕೂತಳು.

"ಈಗ ತೆಗಿ" ಎಂದಳು ಮಗನಿಗೆ. "ನನ್ನ ತಲೆ ಮೇಲೆ ತೆಗಿ."

"ಅಮ್ಮ, ನಿನಗೆ ತಲೆ ಕೆಟ್ಟಿದೆಯಾ?"

"ಕಂಬಿ ಕೆಳಗಿದೆ! ಎಂಟು ಜನ ತುಳಿದ್ರು, ನಾನು ನೋಡಿದೆ. ಚೀಲದ ತಂತಿ ಸಹ ಬಿಚ್ಚಿರ್ಲಿಲ್ಲ. ಇವಳಿಗೆ ಸುಳ್ಳು ಹೇಳಿದೆ, ಆ ಸುಳ್ಳಿನ ಮೇಲೆ ಸಹಿ ಹಾಕಿದ್ದಾಳೆ. ಈಗ ತೆಗಿಯೋ, ಗಂಡಸಾದ್ರೆ!"

ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತರು. ಹಲ್ಲು ಕಿರಿಯುತ್ತಿದ್ದವರ ಬಾಯಿ ಮುಚ್ಚಿತು. ಸೊಸೆ ಜಲ್ಲಿಯ ಮೇಲಿಂದ ಏಳುತ್ತಾ ಅತ್ತೆಯನ್ನೇ ನೋಡಿದಳು. ಆ ನೋಟಕ್ಕಿಂತ ಕೆನ್ನೆಗೊಂದು ಕೊಟ್ಟಿದ್ದರೆ ಬಾಣಲೆಯಮ್ಮನಿಗೆ ಹಗುರವಾಗುತ್ತಿತ್ತು.

ಸಾಹುಕಾರ ಕಾರಿನ ಗಾಜು ಇಳಿಸಿ, "ಏನಪ್ಪಾ ಇದು ನಾಟಕ? ನಿಲ್ಲುತ್ತೋ ಇಲ್ವೋ?" ಎಂದ.

ಆ ಒಂದು ಮಾತು ಸಾಕಾಯಿತು. ಕಂಟ್ರಾಕ್ಟರ್ ತಾಯಿಯ ತೋಳು ಹಿಡಿದು ದರದರ ಎಳೆದು ರಸ್ತೆಗೆ ಬಿಸಾಡಿದ. ಅವಳ ಭುಜದ ಕೀಲು ಲಟಕ್ಕೆಂದಿತು. ಆಳಿನ ಕೈಯಿಂದ ಸುತ್ತಿಗೆ ಕಿತ್ತುಕೊಂಡ. "ನಿಲ್ಲುತ್ತೆ! ನೋಡ್ರೋ ಎಲ್ರೂ, ನಿಲ್ಲುತ್ತೆ!" ಎನ್ನುತ್ತಾ ಹೊರಗಿನ ಸಾಲಿನ ಮೊದಲ ಜಾಕಿಗೆ ಬೀಸಿದ. ಎರಡನೆಯದು, ಮೂರನೆಯದು. ಸೊಸೆ ಓಡಿ ಹಿಂದಿನಿಂದ ಅವನ ಸೊಂಟ ತಬ್ಬಿದಳು. ಅವನು ಸುತ್ತಿಗೆಯ ಹಿಡಿಯಿಂದ ಅವಳ ಪಕ್ಕೆಗೆ ಗುದ್ದಿದ. ಅವಳು ಬಾಲ್ಕನಿಯ ಅಂಚಿನಾಚೆ ಮುದುರಿ ಬಿದ್ದಳು. ಹೊರಗಿನ ಸಾಲಿನ ಆರೂ ಉರುಳಿದವು. ಬಾಲ್ಕನಿ ನಿಂತೇ ಇತ್ತು.

"ನೋಡಿದ್ರಾ!" ಎಂದು ನಗುತ್ತಾ ಅವನು ಒಳಸಾಲಿಗೆ ಕೈ ಹಾಕಿದ. ಮೊದಲನೆಯದು ಬಿತ್ತು. ಎರಡನೆಯದಕ್ಕೆ ಸುತ್ತಿಗೆ ಎತ್ತಿದಾಗ, ಗೋಡೆಯ ಬುಡದಲ್ಲಿ ಒಣ ಕಟ್ಟಿಗೆ ಮುರಿದಂಥ ಸದ್ದು.

ಅದು ಒಂದೇ ಏಟಿಗೆ ಬೀಳಲಿಲ್ಲ. ಗೋಡೆಯ ಹತ್ತಿರ ಬಾಯಿ ಬಿಟ್ಟು, ಉಳಿದ ಜಾಕಿಗಳನ್ನೂ ಕೆಡವಿ, ಕೀಲು ಸಡಿಲವಾದ ಬಾಗಿಲಿನ ಹಾಗೆ ಕೆಳಕ್ಕೆ ಮಡಚಿಕೊಂಡಿತು. ಎಡಗಡೆಯ ಅರ್ಧ ಕಿತ್ತು ನೆಲಕ್ಕೆ ಬಂತು. ಬಲಗಡೆಯ ಅರ್ಧ ಕಂಬಿಗಳಿಗೆ ಜೋತುಬಿದ್ದು, ಒಂದಾಳೆತ್ತರದಲ್ಲಿ ಜೀಕುತ್ತಾ ನಿಂತಿತು. ದೂಳು ತಿಳಿಯಾದಾಗ ಕಂಟ್ರಾಕ್ಟರ್ ಬೆನ್ನ ಮೇಲೆ ಬಿದ್ದಿದ್ದ. ಬಲಗಾಲು ಮಂಡಿಯ ಕೆಳಗೆ ಕಾಣುತ್ತಿರಲಿಲ್ಲ. ತಲೆ ಸರಿಯಾಗಿ ಜೋತುಬಿದ್ದ ತುಂಡಿನ ಅಡಿಯಲ್ಲಿತ್ತು. ಅವನ ಕಿರುಚಾಟ ಮನುಷ್ಯರ ಸದ್ದಿನ ಹಾಗಿರಲಿಲ್ಲ.

ಆಳುಗಳು ಒಟ್ಟಿಗೆ ನುಗ್ಗಿದರು.

"ಯಾರೂ ಒಳಗೆ ಕಾಲಿಡಬೇಡಿ!" ಪಕ್ಕೆ ಹಿಡಿದು ಎದ್ದ ಸೊಸೆಯ ಧ್ವನಿ ಅದು. "ಮೊದಲು ಮೇಲಿನದಕ್ಕೆ ಆಸರೆ. ಮೂರು ಜಾಕಿ, ಮೂರು ಹಲಗೆ. ತನ್ನಿ!"

"ಅವನು ಸಾಯ್ತಾನೆ ಕಣೇ!" ಎಂದು ಬಾಣಲೆಯಮ್ಮ ಚೀರಿದಳು. "ಎಳೀರೋ ಅವನ್ನ!"

ಹೆಂಡತಿ ಓಡಿದ್ದು ಕಂಡು ಆಟೋದಲ್ಲಿ ಹಿಂದೆಯೇ ಬಂದಿದ್ದ ಮೇಸ್ತ್ರಿ ಕೋಲೂರಿಕೊಂಡು "ನನ್ನ ಮಗ!" ಎಂದು ಜೋತ ತುಂಡಿನ ಅಡಿಗೆ ನುಗ್ಗಿದ. ಸೊಸೆ ಮಾವನ ಕತ್ತುಪಟ್ಟಿ ಹಿಡಿದು ಹಿಂದಕ್ಕೆಳೆದು ಮರಳಿಗೆ ಕೆಡವಿದಳು. ಮತ್ತೆ ಏಳಲು ನೋಡಿದವನ ಕೆನ್ನೆಗೆ ಬಿಗಿದಳು. ಹದಿಮೂರು ವರ್ಷ ಮಾವ ಎಂದು ಕರೆದವನಿಗೆ ಕೊಟ್ಟ ಪೆಟ್ಟು ಬೀದಿಯ ತುದಿಗೆ ಕೇಳಿಸಿತು.

"ಹಿಡ್ಕೊಳ್ಳಿ ಇವರನ್ನ. ಇನ್ನೊಬ್ಬ ಹೆಣ ಆಗೋದು ಬೇಡ."

ಜಾಕಿ ಬಂದವು. ಹೊತ್ತು ತಂದವರು ಅಂಚಿನಲ್ಲಿ ನಿಂತುಬಿಟ್ಟರು. ಜೋತ ತುಂಡಿನಿಂದ ಜಲ್ಲಿ ಉದುರುತ್ತಿತ್ತು. ಸೊಸೆ ಒಂದು ಜಾಕಿಯನ್ನು ಎದೆಗೆ ಅವುಚಿಕೊಂಡು ತಾನೇ ಒಳಗೆ ಹೋದಳು. ಹಲಗೆ ಇಟ್ಟು, ಜಾಕಿ ನಿಲ್ಲಿಸಿ, ತಿರುಪು ಸುತ್ತಿದಳು. ಒಂದು. ಅವಳ ಹಿಂದೆ ಕಂಬಿ ಕಟ್ಟುವವನು ಹೋದ. ಎರಡು. ಮೂರನೆಯದರ ತಿರುಪು ಕೂತ ಮರುಕ್ಷಣವೇ ಮೇಲಿನ ಕಂಬಿ ಹರಿದು ತುಂಡು ಒಂದಿಷ್ಟು ಜಾರಿತು. ಜಾಕಿಗಳು ಬಿಲ್ಲಿನ ಹಾಗೆ ಬಗ್ಗಿದವು. ನಿಂತವು.

ಆಮೇಲೆ ನೆಲದ ತುಂಡಿನ ಅಂಚಿನಡಿ ಒಂದು ಅಡ್ಡತೊಲೆ ತೂರಿಸಿ, ಅದರ ಎರಡು ತುದಿಗೆ ಎರಡು ಗಿಡ್ಡ ಜಾಕಿ ಕೊಟ್ಟು, ಬೆರಳಷ್ಟು ಬೆರಳಷ್ಟು ತಿರುಪಿ ಎತ್ತಿಸಿದಳು. "ನೀನು ಅರ್ಧ ಸುತ್ತು. ನಿಲ್ಲು. ಈಗ ನೀನು ಅರ್ಧ ಸುತ್ತು." ಎಂಟು ಗಂಡಸರು ಉಸಿರೆತ್ತದೆ ಅವಳು ಹೇಳಿದಷ್ಟೇ ಸುತ್ತಿದರು. ಕಂಟ್ರಾಕ್ಟರ್ ಅವಳ ತೊಡೆಯ ಬಟ್ಟೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ. ಕಾಲು ಹೊರಬಂದಾಗ ಅದು ಕಾಲಾಗಿ ಉಳಿದಿರಲಿಲ್ಲ.

ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ಕತ್ತರಿಸಿದರು. ಸೊಸೆಯ ಎರಡು ಪಕ್ಕೆಲುಬು ಬಿರಿದಿದ್ದವು. ಬಾಣಲೆಯಮ್ಮನ ತೋಳನ್ನು ಕುತ್ತಿಗೆಗೆ ಕಟ್ಟಿದರು.

ವಿಚಾರಣೆಯ ಅಧಿಕಾರಿ ಮನೆಗೆ ಬರುವ ದಿನ ಮೇಸ್ತ್ರಿ ಹೆಂಡತಿಯನ್ನು ಮೂಲೆಗೆ ಕರೆದ. "ಮಣ್ಣು ಸರಿ ಇರ್ಲಿಲ್ಲ ಅನ್ನು. ಅಷ್ಟೇ."

"ಬಾಲ್ಕನಿಗೆಲ್ಲಿಯ ಮಣ್ಣು? ಅದು ಗಾಳಿಯಲ್ಲಿರೋದು" ಎಂದಳು ಬಾಣಲೆಯಮ್ಮ. "ಸುಳ್ಳು ಹೇಳೋಕಾದ್ರೂ ಹೊಸದು ಕಲಿಯಬಾರ್ದಾ?"

"ಮಗನ ವಿರುದ್ಧ ಹೇಳ್ತೀಯಾ? ಹಲ್ಲು..."

"ಉದುರಿಸು. ಉಳಿದಿರೋದೇ ಏಳು."

ಅಧಿಕಾರಿಯ ಮುಂದೆ ಅವಳು ಎಲ್ಲವನ್ನೂ ಹೇಳಿದಳು. ಚೀಲ, ತಂತಿ, ಎಂಟು ಜೊತೆ ಬೂಟು, ಅಡುಗೆಮನೆಯ ಸುಳ್ಳು. ಹೇಳುತ್ತಾ ಹೇಳುತ್ತಾ ನಲವತ್ತು ವರ್ಷದ ಹಿಂದಿನ ಕಾವಲುಗಾರನದನ್ನೂ ಹೇಳಿದಳು. ಅದನ್ನು ಬರೆದುಕೊಳ್ಳಲು ಅವನ ಹತ್ತಿರ ಕಾಗದವಿರಲಿಲ್ಲ, ಆದರೂ ಕೇಳಿಸಿಕೊಂಡ. ಸೊಸೆಯನ್ನು ಕೇಳಿದಾಗ ಅವಳು ಅತ್ತೆಯ ಕಡೆ ಬೆರಳು ತೋರಿಸಲಿಲ್ಲ.

"ಒಡೆದು ನೋಡದೆ ಸಹಿ ಹಾಕಿದ್ದು ನಾನು" ಎಂದಳು. "ಬರ್ಕೊಳ್ಳಿ."

ಅವಳ ಪರವಾನಗಿಯನ್ನು ಒಂದು ವರ್ಷ ತಡೆಹಿಡಿದರು. ಗಂಡನ ಪರವಾನಗಿ ಪೂರ್ತಿ ಹೋಯಿತು, ಮೇಲೆ ಮೊಕದ್ದಮೆ ಬಿತ್ತು. ಅವಳು ಗುಬ್ಬಿಯನ್ನು ಕರೆದುಕೊಂಡು ಸೇತುವೆಯ ಆಚೆ ಎರಡು ಕೋಣೆಯ ಬಾಡಿಗೆ ಮನೆಗೆ ಹೋದಳು. ಹೊರಡುವಾಗ ಅತ್ತೆಯ ಜೊತೆ ಮಾತಾಡಲಿಲ್ಲ. ವರ್ಷವಾದರೂ ಮಾತಾಡಲಿಲ್ಲ. ಪ್ರತಿ ಭಾನುವಾರ ಬಾಣಲೆಯಮ್ಮ ಬೇಯಿಸಿದ ಮೊಟ್ಟೆಗಳ ಡಬ್ಬಿಯನ್ನು ಆ ಬಾಗಿಲಲ್ಲಿಟ್ಟು ಬರುತ್ತಿದ್ದಳು. ಖಾಲಿ ಡಬ್ಬಿ ತೊಳೆದು ಹೊರಗಿಟ್ಟಿರುತ್ತಿತ್ತು. ಅಷ್ಟೇ ಮಾತು.

ಪರವಾನಗಿ ತಡೆಯ ವರ್ಷ ತುಂಬಿ ಎರಡು ತಿಂಗಳಾದ ಮೇಲೆ ಒಂದು ದಿನ ಡಬ್ಬಿಯ ಪಕ್ಕ ಸೊಸೆ ನಿಂತಿದ್ದಳು.

"ನಾಡಿದ್ದು ಒಂದು ಕಾಂಕ್ರೀಟು ಇದೆ. ನೀರಿನ ಟ್ಯಾಂಕಿನ ಸುತ್ತ ಚಾಚಿದ ಚಪ್ಪಡಿ. ನಾನು ಮಿಕ್ಸರ್ ಹತ್ರ ಇರ್ಬೇಕು, ಮೇಲೆ ಕಾಲುಗಳನ್ನ ನೋಡೋಕೆ ಒಬ್ಬರು ಬೇಕು."

"ಸುಳ್ಳು ಹೇಳಿದವಳು ನಾನು."

"ಗೊತ್ತು. ಅದಕ್ಕೇ ಇನ್ನೊಂದು ಸಲ ಹೇಳಲ್ಲ ಅಂತಾನೂ ಗೊತ್ತು. ಆದ್ರೂ ನಾನು ಒಡೆದು ನೋಡ್ತೀನಿ."

"ನೋಡಬೇಕು" ಎಂದಳು ಬಾಣಲೆಯಮ್ಮ. "ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ. ಎಷ್ಟು ಕೊಡ್ತೀಯ?"

"ಗಂಡಾಳಿನ ಕೂಲಿ."

ಈಗ ಅವಳು ಬೆಳಿಗ್ಗೆ ಮಗನಿಗೆ ಮೈ ತೊಳೆಸಿ, ಮರದ ಕಾಲು ಕಟ್ಟಿಕೊಟ್ಟು, ಅವನ ಬೈಗುಳ ತಿಂದು, ಗಂಡನಿಗೆ ಅನ್ನ ಮುಚ್ಚಿಟ್ಟು ಹೊರಡುತ್ತಾಳೆ. ಮಗ ಎಸೆದ ಲೋಟ ಬೆನ್ನಿಗೆ ತಾಗಿದ ದಿನವೂ ಹೊರಡುತ್ತಾಳೆ. ಕೆಲಸದ ಜಾಗದಲ್ಲಿ ಬಾಣಲೆ ಬೋರಲು ಹಾಕಿ ಕೂತು, ಆಳುಗಳ ಕಾಲನ್ನು ನೋಡುತ್ತಾಳೆ. ಕಂಬಿ ತುಳಿದವನ ಮೀನಖಂಡಕ್ಕೆ ಕೋಲಿನಲ್ಲಿ ಒಂದು ಬಿಗಿಯುತ್ತಾಳೆ. ಯಾರೂ ನಗುವುದಿಲ್ಲ.

ಕಳೆದುಹೋದದ್ದು ಮಗನ ಬಲಗಾಲು, ಒಂದು ಸಂಸಾರ, ಸೊಸೆಯ ಒಂದು ವರ್ಷದ ದುಡಿಮೆ, ಬಾಣಲೆಯಮ್ಮನ ಎಡತೋಳಿನ ಶಕ್ತಿ. ಅಂಗಡಿ ತೆರೆಯುವ ದಿನ ಆ ಬಾಲ್ಕನಿಯ ಮೇಲೂ ಕೆಳಗೂ ನಿಲ್ಲಬೇಕಿದ್ದವರು ಮಾತ್ರ ಇಂದಿಗೂ ಅವರವರ ಮನೆಯಲ್ಲಿ ಉಣ್ಣುತ್ತಿದ್ದಾರೆ; ಅವರಿಗೆ ಇದು ಗೊತ್ತಿಲ್ಲ. ಬಾಣಲೆಯಮ್ಮನಿಗೆ ಸಿಕ್ಕಿದ್ದು ಗಂಡಾಳಿನ ಕೂಲಿ, ದಿನಕ್ಕೆ ಇಪ್ಪತ್ತು ಟೀ.